ಬೆಳಿಗ್ಗೆ ತೆರೆಯದ ಕಾರು ಮಧ್ಯಾಹ್ನ ತೆರೆಯುತ್ತದೆ: ರಿಮೋಟ್ ಕೀಲಿಗೆ ಏನಾಗಿದೆ?

ಪ್ರಶ್ನೆ (ಸದಾಶಿವಗಡದ ನರ್ಸ್)

ನಾನು ಕಾರವಾರದಲ್ಲಿ ನರ್ಸ್. ಮನೆ ಇರುವುದು ಕಾಳಿ ನದಿಯ ಆಚೆ, ಸದಾಶಿವಗಡದಲ್ಲಿ. ರಾತ್ರಿ ಪಾಳಿಗೆ ಬಸ್ಸನ್ನು ನಂಬಿ ಕೂರುವಂತಿಲ್ಲ. ಒಂಬತ್ತು ವರ್ಷದ ಹಳೆಯ ಕಾರೇ ನನ್ನ ಆಧಾರ.

ಜುಲೈ ತಿಂಗಳಿನಿಂದ ಅದರ ರಿಮೋಟ್ ಕೀಲಿ ವಿಚಿತ್ರವಾಗಿ ವರ್ತಿಸುತ್ತಿದೆ. ಪಾಳಿ ಮುಗಿಸಿ ಬೆಳಿಗ್ಗೆ ಆರಕ್ಕೆ ಬಂದು ತೆರೆಯುವ ಗುಂಡಿ ಒತ್ತಿದರೆ ಕೀಲಿಯ ಪುಟ್ಟ ಕೆಂಪು ದೀಪ ಮಿನುಗುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಅದೇ ಕೀಲಿ ಮಧ್ಯಾಹ್ನ ಎರಡಕ್ಕೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ಲೋಹದ ಕೀಲಿ ತಿರುಗಿಸಿ ಬಾಗಿಲು ತೆರೆದರೆ ಕಳ್ಳ ಬಂದನೆಂದು ಕಾರು ಕೂಗಿಕೊಳ್ಳುತ್ತದೆ. ಕ್ವಾರ್ಟರ್ಸಿನಲ್ಲಿ ಆಗಷ್ಟೇ ಮಲಗಿದವರು ಎದ್ದು ಕಿಟಕಿಗೆ ಬಂದಿದ್ದನ್ನು ನಾನೇ ನೋಡಿದ್ದೇನೆ. ಇಂಜಿನ್ ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ. ಕಾರಿನ ಒಳಗಿನ ಗುಂಡಿ ಒತ್ತಿದರೆ ನಾಲ್ಕೂ ಬಾಗಿಲು ಸರಿಯಾಗಿ ತೆರೆದು ಮುಚ್ಚುತ್ತವೆ.

ಸೆಲ್ ಎರಡು ಬಾರಿ ಬದಲಾಯಿಸಿದೆ. ಎರಡನೆಯದು ಹನ್ನೊಂದನೇ ದಿನಕ್ಕೆ ಪೂರ್ತಿ ಸತ್ತಿತು. ಸರ್ವಿಸ್ ಸೆಂಟರಿನವರು ಹೊಸ ಕೀಲಿಯೇ ಆಗಬೇಕು, 11,500 ರೂಪಾಯಿ, ಕಾರನ್ನೂ ಬಿಟ್ಟುಹೋಗಬೇಕು ಎಂದರು. ಒಮ್ಮೆ ಬಿಚ್ಚಿ ನೋಡಿದಿರಾ ಎಂದು ಕೇಳಿದೆ. ಬಿಚ್ಚುವ ಪದ್ಧತಿ ಇಲ್ಲವಂತೆ. ಜ್ವರ ಬಂದವರ ಮೈ ಮುಟ್ಟದೆ ಔಷಧದ ಚೀಟಿ ಬರೆದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕಾಯಿಲೆ ಏನೆಂದು ಗೊತ್ತಾದರೆ ಹಣ ಕೊಡಲು ನನಗೆ ಬೇಸರವಿಲ್ಲ.

ಉತ್ತರ (ಕುಮಟಾದ ಟ್ಯಾಕ್ಸಿ ಚಾಲಕ)

ಅಕ್ಕಾ, ಮೊದಲು ಇನ್ನೊಂದು ಕೀಲಿಯಿಂದ ನೋಡಿ. ಎರಡೂ ಕೀಲಿಗೆ ಕಾರು ಓಗೊಡದಿದ್ದರೆ ತಪ್ಪು ಕಾರಿನ ಕಡೆ, ಒಂದಕ್ಕೆ ಮಾತ್ರವಾದರೆ ತಪ್ಪು ಆ ಕೀಲಿಯದು.

ಸೆಲ್ಲಿನ ಮೇಲೆ ಬರೆದ ಸಂಖ್ಯೆಯನ್ನೂ ಓದಿ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ಎರಡೂ 3 ವೋಲ್ಟ್ ಆದ್ದರಿಂದ ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟುಬಿಡುತ್ತಾರೆ. ತೆಳುವಾದ ಸೆಲ್ ತಗಡಿಗೆ ಬಿಗಿಯಾಗಿ ತಾಗುವುದಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕುಲುಕಿ ಕುಲುಕಿ ನನ್ನ ಕೀಲಿ ಒಮ್ಮೆ ಹೀಗೇ ಆಟವಾಡಿಸಿತ್ತು.

ಇನ್ನೊಂದು ಮಾತು. ಮನೆಯಲ್ಲಿ ಮಕ್ಕಳು ಕೀಲಿ ಹಿಡಿದು ಗುಂಡಿ ಒತ್ತುತ್ತಾರೆಯೇ? ಪ್ರತಿ ಸಲ ಒತ್ತಿದಾಗ ಕೀಲಿ ಹೊಸ ಸಂಕೇತ ಕಳಿಸುತ್ತದೆ, ಕಾರು ಲೆಕ್ಕ ಇಡುತ್ತಾ ಹೋಗುತ್ತದೆ. ಕಾರು ದೂರ ಇದ್ದಾಗ ಬಹಳ ಸಲ ಒತ್ತಿದರೆ ಇಬ್ಬರ ಲೆಕ್ಕ ತಪ್ಪುತ್ತದೆ. ಬಹಳ ಕಾರುಗಳಲ್ಲಿ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಲೆಕ್ಕ ಕೂಡಿಕೊಳ್ಳುತ್ತದೆ. ಕೆಲವು ಕಾರುಗಳಿಗೆ ಬೇರೆ ಕ್ರಮ ಇದೆ, ಕಾರಿನ ಕೈಪಿಡಿಯಲ್ಲಿ ಬರೆದಿರುತ್ತಾರೆ.

ಉತ್ತರ (ಅಂಕೋಲಾದ ಕಾಲೇಜು ವಿದ್ಯಾರ್ಥಿ)

ಮೊಬೈಲ್ ಕ್ಯಾಮೆರಾದ ಮುಂದೆ ಕೀಲಿ ಹಿಡಿದು ಗುಂಡಿ ಒತ್ತಿ ನೋಡಿ ಅಕ್ಕಾ, ಬೆಳಕು ಕಂಡರೆ ಕೀಲಿ ಸರಿ ಇದೆ ಎಂದರ್ಥ. ನೀರು ಹೋಗಿರಬಹುದು ಎನಿಸಿದರೆ ಅಕ್ಕಿ ಡಬ್ಬದಲ್ಲಿ ಎರಡು ದಿನ ಹೂತಿಡಿ. ನಮ್ಮ ಮನೆಯಲ್ಲಿ ಮೊಬೈಲಿಗೆ ಹಾಗೆಯೇ ಮಾಡಿದ್ದೆವು.

ಪ್ರಶ್ನೆ ಕೇಳಿದವರು

ಎರಡನೇ ಕೀಲಿಗೆ ರಿಮೋಟ್ ಇಲ್ಲ ಅಣ್ಣಾ, ಬರಿಯ ಲೋಹದ ಕೀಲಿ. ಸೆಲ್ ಸಿಆರ್2032, ಇರಬೇಕಾದದ್ದೂ ಅದೇ. ಎರಡೆರಡು ಸಲ ಒತ್ತಿಯೂ ನೋಡಿದೆ, ಕೈಪಿಡಿಯ ಕ್ರಮವನ್ನೂ ಅನುಸರಿಸಿದೆ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಹೌದು. ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ.

ಉತ್ತರ (ಶಿರಸಿಯ ರಿಪೇರಿ ಅಂಗಡಿಯವರು)

ತಂಗೀ, ಕ್ಯಾಮೆರಾದಲ್ಲಿ ಏನೂ ಕಾಣದಿದ್ದಕ್ಕೆ ಹೆದರಬೇಡ. ಟಿ.ವಿ. ರಿಮೋಟ್ ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾತನಾಡುತ್ತದೆ, ಅದನ್ನು ಕ್ಯಾಮೆರಾ ಹಿಡಿಯುತ್ತದೆ. ಕಾರಿನ ಕೀಲಿ ರೇಡಿಯೋ. ನಮ್ಮ ದೇಶದಲ್ಲಿ ಅವು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ರೇಡಿಯೋವನ್ನು ಕ್ಯಾಮೆರಾದಲ್ಲಿ ಹುಡುಕುವುದು ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಇಂಜಿನ್ ಯಾವಾಗಲೂ ಹೊತ್ತಿಕೊಳ್ಳುತ್ತದೆ ಎಂದು ನೀನು ಬರೆದದ್ದು ಒಳ್ಳೆಯ ಸುಳಿವು. ಆ ಕೀಲಿಯ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಬಾಗಿಲಿಗೆ ರೇಡಿಯೋ, ಅದಕ್ಕೆ ಸೆಲ್ ಬೇಕು. ಇಂಜಿನ್‌ಗೆ ಒಂದು ಸಣ್ಣ ಚಿಪ್, ಅದಕ್ಕೆ ಸೆಲ್ ಬೇಡ. ಕೀಲಿ ತೂರಿಸುವ ಕಿಂಡಿಯ ಸುತ್ತ ತಂತಿಯ ಸುರುಳಿ ಇರುತ್ತದೆ, ಅದು ಹೊರಡಿಸುವ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರದಿಂದಲೇ ಆ ಚಿಪ್ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ನಿನ್ನ ಚಿಪ್ ಚೆನ್ನಾಗಿದೆ. ಒಳಗಿನ ಗುಂಡಿಗೆ ಬಾಗಿಲು ತೆರೆಯುವುದರಿಂದ ಬಾಗಿಲಿನ ಮೋಟಾರೂ ಸರಿ. ಮಧ್ಯಾಹ್ನ ರಿಮೋಟಿಗೆ ಓಗೊಡುವುದರಿಂದ ಕಾರಿನ ಕಿವಿಯೂ ಸರಿ. ಉಳಿದದ್ದು ಕೀಲಿಯೊಳಗಿನ, ಹೆಬ್ಬೆರಳಿನಷ್ಟು ಅಗಲದ ಒಂದು ಸರ್ಕ್ಯೂಟ್ ಬೋರ್ಡು.

ಈಗ ಸೆಲ್ಲಿನ ಲೆಕ್ಕ. ಒಂದು ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆಯಷ್ಟು ಶಕ್ತಿ ಇರುತ್ತದೆ. ಹನ್ನೊಂದು ದಿನ ಎಂದರೆ 264 ಗಂಟೆ. ಭಾಗಿಸಿದರೆ ಹೆಚ್ಚುಕಡಿಮೆ 0.8 ಮಿಲಿಆಂಪಿಯರ್. ಸುಮ್ಮನೆ ಬಿದ್ದಿರುವ ಆರೋಗ್ಯವಂತ ಕೀಲಿ ಇದರ ನೂರರಲ್ಲಿ ಒಂದು ಪಾಲನ್ನೂ ಕುಡಿಯುವುದಿಲ್ಲ, ಅದಕ್ಕೇ ಸೆಲ್ ವರ್ಷಗಟ್ಟಲೆ ಬಾಳುತ್ತದೆ. ಗುಂಡಿ ಪೂರ್ತಿ ಸಿಕ್ಕಿಹಾಕಿಕೊಂಡು ಎಡೆಬಿಡದೆ ಪ್ರಸಾರ ಮಾಡುತ್ತಿದ್ದರೆ ಹನ್ನೊಂದು ದಿನವೂ ಬಾಳುತ್ತಿರಲಿಲ್ಲ, ಒಂದೆರಡು ದಿನದಲ್ಲಿ ಮುಗಿಯುತ್ತಿತ್ತು. ಹಾಗಾಗಿ ಇದು ಸಿಕ್ಕಿಕೊಂಡ ಗುಂಡಿಯಲ್ಲ, ಕರೆಂಟಿನ ಸೋರಿಕೆ.

ಬೆಳಿಗ್ಗೆ ಮಾತ್ರ ಯಾಕೆ ಎಂಬುದಕ್ಕೆ ನಿನ್ನ ಅಡುಗೆಮನೆಯ ಉಪ್ಪಿನ ಭರಣಿ ನೋಡು. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡ ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ, ಅದಕ್ಕಿಂತ ಇಳಿದರೆ ಮತ್ತೆ ಒಣಗುತ್ತದೆ. ಒಣ ಉಪ್ಪಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಕರಗಿದ ಉಪ್ಪಿನಲ್ಲಿ ಹರಿಯುತ್ತದೆ. ನಿನ್ನ ಬೋರ್ಡಿನ ಮೇಲೆ ಉಪ್ಪು ಕೂತಿದೆ. ಮುಂಜಾನೆ ಅದು ಒದ್ದೆಯಾಗಿ, ಮುಚ್ಚುವ ಗುಂಡಿಯ ಲೋಹದ ಕಾಲುಗಳನ್ನು ಕೂಡಿಸುತ್ತಿರಬೇಕು. ಆಗ ನೀನು ತೆರೆಯುವ ಗುಂಡಿ ಒತ್ತಿದರೆ ಎರಡು ಗುಂಡಿ ಒಟ್ಟಿಗೆ ಒತ್ತಿದಂತೆ ಕೀಲಿ ಭಾವಿಸುತ್ತದೆ. ದೀಪ ಮಿನುಗುತ್ತದೆ, ಕಾರಿಗೆ ಆ ಮಾತು ಅರ್ಥವಾಗುವುದಿಲ್ಲ. ಇಪ್ಪತ್ತೆರಡು ವರ್ಷ ಬೋರ್ಡು ಬಿಚ್ಚಿದ ಮೇಲೆ ಹೇಳುತ್ತೇನೆ: ಘಟ್ಟದ ಮೇಲಿನವು ಬೂಸ್ಟು ಹಿಡಿದು ಬರುತ್ತವೆ, ಕರಾವಳಿಯವು ಹಸಿರು ಕಿಲುಬು ಹಿಡಿದು ಬರುತ್ತವೆ. ಉಪ್ಪುನೀರು ಎಲ್ಲಿಂದ ಬಂತು ಎಂದು ನೆನಪು ಮಾಡಿಕೊ.

ಅಕ್ಕಿ ಬೇಡ. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ, ಅದರ ಹುಡಿ ಕೀಲಿಯೊಳಗೆ ಸೇರುತ್ತದೆ ಅಷ್ಟೇ.

ಪ್ರಶ್ನೆ ಕೇಳಿದವರು

ನೆನಪಾಯಿತು ಅಣ್ಣಾ. ಜೂನ್ ಕೊನೆಗೆ ಕಾರವಾರದ ಮೀನು ಪೇಟೆಯಲ್ಲಿ ಬಂಗಡೆ ಕೊಂಡು ಬಟ್ಟೆಯ ಚೀಲಕ್ಕೆ ಹಾಕಿದ್ದೆ. ಕೈಯಲ್ಲಿ ಕೊಡೆ ಇತ್ತು, ಕೀಲಿಯನ್ನೂ ಅದೇ ಚೀಲಕ್ಕೆ ಹಾಕಿದೆ. ಐಸ್ ಕರಗಿದ ನೀರು ಚೀಲದ ತಳದಲ್ಲಿ ನಿಂತಿತ್ತು. ಮನೆಗೆ ಬಂದು ಒರೆಸಿದೆ, ಕೆಲಸ ಮಾಡಿತು, ಮರೆತುಬಿಟ್ಟೆ.

ಹೇಗೆ ತೊಳೆಯಬೇಕು ಹೇಳಿ. ಕೈ ನಡುಗದ ಅಭ್ಯಾಸ ನನಗಿದೆ.

ಉತ್ತರ (ಶಿರಸಿಯ ರಿಪೇರಿ ಅಂಗಡಿಯವರು)

ಹಾಗಾದರೆ ಧೈರ್ಯವಾಗಿ ಮಾಡು. ಮೊದಲು ಸೆಲ್ ತೆಗೆ. ಸೆಲ್ ಇರುವಾಗ ತೊಳೆದರೆ ಉಪ್ಪುನೀರಿನಲ್ಲಿ ಕರೆಂಟ್ ಹರಿದು ತಾಮ್ರವನ್ನು ಇನ್ನಷ್ಟು ತಿನ್ನುತ್ತದೆ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡ, ಸತ್ತದ್ದಾದರೂ ಸರಿ. ನರ್ಸ್ ಆದ ನಿನಗೆ ಗೊತ್ತಿರುತ್ತದೆ, ಓದುವ ಉಳಿದವರಿಗಾಗಿ ಬರೆಯುತ್ತೇನೆ: ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಎರಡೂ ಮುಖಕ್ಕೆ ಟೇಪ್ ಸುತ್ತಿ ಎತ್ತಿಡಿ.

ಕವಚದ ಸಂದಿನಲ್ಲಿ ನಾಣ್ಯ ತೂರಿಸಿ ನಿಧಾನವಾಗಿ ತಿರುಗಿಸು. ಒಳಗಿರುವುದನ್ನು ಮುಟ್ಟುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊ. ಬೋರ್ಡನ್ನು ಹೊರತೆಗೆದು, ಸೆಲ್ ಕೂರುವ ಎರಡು ತಗಡುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ (ಕರೆಂಟಿಗೆ ಎಷ್ಟು ತಡೆ ಇದೆ ಎಂಬ ಅಳತೆ) ಅಳೆ, ಕೆಂಪು ತಂತಿ ಪ್ಲಸ್ ಕಡೆಗೆ. ಇದನ್ನು ಬೆಳಿಗ್ಗೆಯೇ ಮಾಡಬೇಕು, ಕಾಯಿಲೆ ಎದ್ದು ಕಾಣುವ ಹೊತ್ತಿನಲ್ಲಿ.

ತೊಳೆಯುವುದರಲ್ಲಿ ಬಹಳ ಜನ ತಪ್ಪುತ್ತಾರೆ. ನೇರವಾಗಿ ಸ್ಪಿರಿಟ್ ಹಾಕಿ ಉಜ್ಜುತ್ತಾರೆ. ಸ್ಪಿರಿಟಿನಲ್ಲಿ ಉಪ್ಪು ಕರಗುವುದೇ ಇಲ್ಲ ಎನ್ನಬಹುದು, ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಉಪ್ಪನ್ನು ತೆಗೆಯುವುದು ನೀರು. ನಲ್ಲಿಯ ನೀರೂ ಅಲ್ಲ, ಬಾವಿಯ ನೀರೂ ಅಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಮೂರು ಸಲ ನೀರು ಬದಲಾಯಿಸಿ ತೊಳೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದರೆ ಉಳಿದ ನೀರನ್ನು ಅದು ಹೊರಹಾಕುತ್ತದೆ. ಫ್ಯಾನಿನ ಕೆಳಗೆ ಒಂದು ಇಡೀ ದಿನ ಇಡು. ಒಲೆಯ ಹತ್ತಿರ ಬೇಡ, ಪ್ಲಾಸ್ಟಿಕ್ ಬಾಗುತ್ತದೆ.

ಆದರೂ ಗುಂಡಿಯ ಕೆಳಗಿನ ಸಣ್ಣ ಸ್ವಿಚ್ಚಿನ ಒಳಹೊಕ್ಕ ಉಪ್ಪಿಗೆ ಬ್ರಷ್ ಮುಟ್ಟುವುದಿಲ್ಲ. ಒತ್ತದೆ ಇರುವಾಗಲೂ ಮೀಟರ್ ಅಲ್ಲಿ ಸೋರಿಕೆ ತೋರಿಸಿದರೆ ಸ್ವಿಚ್ ಬದಲಾಯಿಸಲೇಬೇಕು. ಅದಕ್ಕೆ ಹತ್ತು ರೂಪಾಯಿಗಿಂತ ಹೆಚ್ಚಿಲ್ಲ. ಬೆಸುಗೆಯ ಕೆಲಸ ಮಾತ್ರ ನೀನೇ ಮಾಡಬೇಡ, ಮೊಬೈಲ್ ರಿಪೇರಿಯವರಿಗೆ ಕೊಡು. ಅವರ ಬಳಿ ಬಿಸಿಗಾಳಿಯ ಯಂತ್ರ ಇರುತ್ತದೆ. ಬೋರ್ಡಿನ ಮೇಲೆ ಹೊಳೆಯುವ ಲೋಹದ ಸಣ್ಣ ಪೆಟ್ಟಿಗೆ ಕಂಡರೆ ಅಲ್ಲಿಗೆ ಬಿಸಿ ತಾಗಿಸಬೇಡಿ ಎಂದು ಹೇಳು. 433.92 ಎಂಬ ಸ್ವರ ಹಿಡಿದಿಡುವುದು ಅದೇ. ಕೀಲಿ ನೆಲಕ್ಕೆ ಬಿದ್ದಾಗ ಒಡೆಯುವುದೂ ಬಹಳ ಸಲ ಅದೇ.

ಪ್ರಶ್ನೆ ಕೇಳಿದವರು

ಇಪ್ಪತ್ತಾರು ದಿನಗಳ ನಂತರ ಬರೆಯುತ್ತಿದ್ದೇನೆ. ಸೆಲ್ ಉಳಿಯುತ್ತದೋ ಇಲ್ಲವೋ ಎಂದು ನೋಡದೆ ಬರೆಯುವುದು ಸರಿಯೆನಿಸಲಿಲ್ಲ.

ಬಿಚ್ಚಿದಾಗ ಮುಚ್ಚುವ ಗುಂಡಿಯ ಸ್ವಿಚ್ಚಿನ ಸುತ್ತ ಬಿಳಿಯ ಪೊರೆ, ಸೆಲ್ಲಿನ ತಗಡಿನ ಬುಡದಲ್ಲಿ ಹಸಿರು ಕಿಲುಬು, ನೀವು ಹೇಳಿದಂತೆಯೇ. ಬೆಳಿಗ್ಗೆ ಆರೂವರೆಗೆ, ಹೊರಗೆ ಮಳೆ ಹೊಯ್ಯುತ್ತಿರುವಾಗ ಅಳೆದೆ: 3,800 ಓಮ್. ಮೂರು ವೋಲ್ಟನ್ನು ಅದರಿಂದ ಭಾಗಿಸಿದೆ. 0.79 ಮಿಲಿಆಂಪಿಯರ್! ನಿಮ್ಮ ಲೆಕ್ಕ ಕಾಗದದ ಮೇಲೆ ಹಾಗೆಯೇ ಎದ್ದುಬಂದಾಗ ಆದ ಸಂತೋಷ ಹೇಳತೀರದು. ಮಧ್ಯಾಹ್ನ ಅದೇ ಜಾಗದಲ್ಲಿ ಓಮ್ ಹತ್ತು ಪಟ್ಟು ಏರಿತ್ತು.

ತೊಳೆದು ಒಣಗಿಸಿದ ಮೇಲೆ ಸೋರಿಕೆ ಬಹುಮಟ್ಟಿಗೆ ನಿಂತಿತು. ಸ್ವಿಚ್ ಒಂದು ಮಾತ್ರ ಹಟ ಹಿಡಿಯಿತು. ಕೋಡಿಬಾಗದ ಒಬ್ಬ ಮೊಬೈಲ್ ರಿಪೇರಿ ಹುಡುಗ ಬದಲಾಯಿಸಿಕೊಟ್ಟ, ಕೂಲಿ ಸೇರಿ 150 ರೂಪಾಯಿ. ಲೋಹದ ಪೆಟ್ಟಿಗೆಯ ಮೇಲೆ ತಾನಾಗಿಯೇ ಶಾಖ ತಡೆಯುವ ಟೇಪ್ ಅಂಟಿಸಿಕೊಂಡು ಕೆಲಸ ಮಾಡಿದ.

ಇಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದೆ. ಜಡಿಮಳೆ. ಒಂದೇ ಸಲ ಒತ್ತಿದೆ, ಬಾಗಿಲು ತೆರೆಯಿತು. ಸೆಲ್ 3.1 ವೋಲ್ಟ್ ತೋರಿಸುತ್ತಿದೆ. ತಪ್ಪು ಎಲ್ಲಿದೆ ಎಂದು ನೋಡಿದ್ದರೆ ಸರ್ವಿಸ್ ಸೆಂಟರಿನವರೂ ಇದನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಿದ್ದರು ಎಂಬ ಬೇಸರ ನನಗೆ ಇನ್ನೂ ಹೋಗಿಲ್ಲ.

ಉತ್ತರ (ಶಿರಸಿಯ ರಿಪೇರಿ ಅಂಗಡಿಯವರು)

ಬಹಳ ಸಂತೋಷ ತಂಗೀ. ಸೆಲ್ ಕೆಲಸ ಮಾಡದಿದ್ದಾಗ ತೋರುವ ವೋಲ್ಟನ್ನು ಮಾತ್ರ ನಂಬಬೇಡ. ಮುದಿಯಾದ ಸೆಲ್ಲೂ ಸುಮ್ಮನಿದ್ದಾಗ ಮೂರರ ಹತ್ತಿರ ತೋರಿಸಿ, ಗುಂಡಿ ಒತ್ತಿದ ಕ್ಷಣ ಕುಸಿಯುತ್ತದೆ. ಗುಂಡಿ ಒತ್ತಿ ಹಿಡಿದು ಅಳೆ.

ಉತ್ತರ (ಕುಮಟಾದ ಟ್ಯಾಕ್ಸಿ ಚಾಲಕ)

ಇದನ್ನು ಓದಿ ನನಗೂ ಧೈರ್ಯ ಬಂತು. ನನ್ನ ಕೀಲಿಯ ಕವಚ ಬಿರಿದಿದೆ. ಗೋಕರ್ಣದ ಸವಾರಿಗಳಲ್ಲಿ ಮರಳು ಒಳಗೆ ಸೇರುತ್ತಿದೆ. ಖಾಲಿ ಕವಚ ತಂದು ಬೋರ್ಡನ್ನು ಅದಕ್ಕೆ ಹಾಕಿದರೆ ಸಾಕೇ ಅಣ್ಣಾ?

ಉತ್ತರ (ಶಿರಸಿಯ ರಿಪೇರಿ ಅಂಗಡಿಯವರು)

ಬೋರ್ಡು ಒಂದೇ ಸಾಲದು. ಕೆಲವು ಕೀಲಿಗಳಲ್ಲಿ ಇಂಜಿನ್ ಚಿಪ್ ಬೋರ್ಡಿನ ಮೇಲೆಯೇ ಇರುತ್ತದೆ, ಕೆಲವದರಲ್ಲಿ ಬೇರೆ ಇರುತ್ತದೆ: ಕವಚದ ಮೂಲೆಯಲ್ಲಿ ಅಂಟಿಸಿದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಂಡು ಅಥವಾ ಗಾಜಿನ ಕೊಳವೆ. ಪ್ಲಾಸ್ಟಿಕ್ ಚೂರೆಂದು ಅದನ್ನು ಹಳೆಯ ಕವಚದ ಜೊತೆ ಎಸೆದವರ ಕಾರು ಬಾಗಿಲು ತೆರೆಯುತ್ತದೆ, ಇಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಹೊಸ ಕವಚದ ಕೀಲಿಯಲ್ಲಿ ಇಂಜಿನ್ ಹೊತ್ತಿಸಿ ನೋಡುವವರೆಗೆ ಹಳೆಯದನ್ನು ಎಸೆಯಬೇಡ.