ಕೂ ಎಂದದ್ದು ಯಾವ ರೈಲು?

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅತ್ತೆ ಒಂದು ಆಡಿಯೋ ಕಳುಹಿಸಿದರು. ಅದರ ಕೆಳಗೆ, '1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟ ಭಾರತದ ಮೊದಲ ರೈಲಿನ ಸದ್ದನ್ನು ಅಂದೇ ಧ್ವನಿಮುದ್ರಿಸಿ, ಅದಕ್ಕೆ ವಾದ್ಯಗಳನ್ನು ಸೇರಿಸಿ ಬ್ರಿಟಿಷರು ಮಾಡಿದ ಸಂಗೀತ ಇದು, ಹತ್ತು ಜನರಿಗೆ ಕಳುಹಿಸಿ' ಎಂದಿತ್ತು. ಐದು ನಿಮಿಷದೊಳಗೆ ಹದಿನಾಲ್ಕು ನಮಸ್ಕಾರಗಳು ಬಂದವು. ಆಡಿಯೋ ಪೂರ್ತಿ ಕೇಳುವುದಕ್ಕೇ ಅಷ್ಟು ಹೊತ್ತು ಬೇಕು.

ಸುಮ್ಮನಿರಲಾಗದೆ ನಾನು ಬರೆದೆ: "ಅತ್ತೆ, ಎಡಿಸನ್ನನ ಫೋನೋಗ್ರಾಫ್ ಬಂದದ್ದೇ 1877ರಲ್ಲಿ. 1853ರ ಸದ್ದನ್ನು ಹಿಡಿದಿಟ್ಟವರು ಯಾರು? ಇದು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಲುಂಬ್ಯೆ 1847ರಲ್ಲಿ ರಚಿಸಿದ 'ಕೋಪನ್‌ಹೇಗನ್ ಉಗಿಬಂಡಿ ಗ್ಯಾಲಪ್'. ಕೋಪನ್‌ಹೇಗನ್ನಿನಿಂದ ರಾಸ್ಕಿಲ್ಡೆಗೆ ರೈಲು ಆರಂಭವಾದದ್ದು ಅದೇ ವರ್ಷ. ಗ್ಯಾಲಪ್ ಎಂದರೆ ಜೋಡಿಗಳು ಓಡೋಡುತ್ತ ಕುಣಿಯುವ ಎರಡೆಣಿಕೆಯ ನೃತ್ಯ. ಇದರಲ್ಲಿ ಎಂಜಿನ್ನೂ ಇಲ್ಲ, ಬ್ರಿಟಿಷರೂ ಇಲ್ಲ."

"ಹಿರಿಯರು ಪ್ರೀತಿಯಿಂದ ಕಳುಹಿಸಿದ್ದಕ್ಕೆ ಆಧಾರ ಕೇಳುವುದು ನಮ್ಮ ಮನೆಯ ಪದ್ಧತಿಯಲ್ಲ" ಎಂದರು ಭಾವ. ಹೋದ ವರ್ಷ ಅವರ ಅರಿಶಿನದ ಕಷಾಯದ ಸಂದೇಶಕ್ಕೂ ನಾನು ಆಧಾರ ಕೇಳಿದ್ದೆ. ಆ ಉರಿ ಇನ್ನೂ ಆರಿಲ್ಲ.

ಚಿಕ್ಕಪ್ಪನ ಮಗ ಅರಸೀಕೆರೆಯನ್ನು ತಂದ. ಮೀಟರ್‌ಗೇಜ್ ಗಾಡಿಯ ಕಿಟಕಿಯಲ್ಲಿ ತಲೆ ಹಾಕಿ ಕಣ್ಣಿಗೆ ಇದ್ದಿಲಿನ ಕಿಡಿ ಬಿದ್ದದ್ದನ್ನೂ, ಅಜ್ಜಿ ಸೆರಗಿನ ತುದಿಯನ್ನು ಬಾಯಿಯ ಬಿಸಿಯುಸಿರಿನಿಂದ ಬೆಚ್ಚಗೆ ಮಾಡಿ ಆ ಕಣ್ಣಿಗೆ ಒತ್ತಿದ್ದನ್ನೂ ಅವನು ಬರೆದದ್ದು ಚೆನ್ನಾಗಿಯೇ ಇತ್ತು. ಆದರೆ ಕಿಟಕಿಯ ಜಾಗ ಅಂದು ತನ್ನದಾಗಿತ್ತೆಂದು ಅಕ್ಕ ತಕರಾರು ತೆಗೆದಳು. ಅವಳನ್ನು ಎಬ್ಬಿಸಿ ಅವನನ್ನು ಕೂರಿಸಿದವರು ಯಾರೆಂಬುದರ ವಿಚಾರಣೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತು.

ಲುಂಬ್ಯೆಯ ಕಡೆಗೆ ಯಾರೂ ತಿರುಗಲಿಲ್ಲ. 1843ರಲ್ಲಿ ಕೋಪನ್‌ಹೇಗನ್ನಿನಲ್ಲಿ ತೆರೆದ ಟಿವೋಲಿ ಎಂಬ ವಿನೋದ ಉದ್ಯಾನದ ಮೊದಲ ಸಂಗೀತ ನಿರ್ದೇಶಕನಾದ ಆತನನ್ನು, ವಿಯೆನ್ನಾದ ಹೆಸರಾಂತ ನೃತ್ಯಸಂಗೀತಕಾರ ಸ್ಟ್ರಾಸ್‌ಗೆ ಹೋಲಿಸಿ, 'ಉತ್ತರದ ಸ್ಟ್ರಾಸ್' ಎಂದು ಕರೆಯುತ್ತಿದ್ದರೆಂದು ನಾನು ಬರೆದದ್ದಕ್ಕೆ ಬಂದ ಏಕೈಕ ಉತ್ತರ, ಭಾವನ ಹೆಬ್ಬೆರಳು. ಅದೂ ಅಕ್ಕನ ಸಂದೇಶಕ್ಕೆ ಒತ್ತಲು ಹೋಗಿ ತಪ್ಪಿದ್ದಂತೆ.

ಸಂಜೆ ದೊಡ್ಡಪ್ಪ ಬಂದರು. ಉಗಿ ಎಂಜಿನ್ನಿನಲ್ಲಿ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ನಿವೃತ್ತರಾದ ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ. "ನಾನು ಎರಡು ಸಲ ಕೇಳಿದೆ. ಗಂಟೆಯಾಗುತ್ತದೆ, ಸಿಳ್ಳೆಯಾಗುತ್ತದೆ, ಗಾಡಿ ಮೊದಲು ಭಾರವಾಗಿ ಎಳೆದು, ಆಮೇಲೆ ಒಂದೊಂದೇ ಹೊಡೆತವನ್ನು ಹತ್ತಿರ ಮಾಡಿಕೊಳ್ಳುತ್ತ ವೇಗ ಹಿಡಿಯುತ್ತದೆ. ಅಲ್ಲಿಂದ ಮುಂದೆ ಕುಣಿತವೇ ಜಾಸ್ತಿ. ಆದರೆ ಕೊನೆಗೆ ನಿಲ್ಲಿಸಿರುವ ರೀತಿ ಸರಿಯಾಗಿದೆ. ಗಾಡಿಯನ್ನು ಗಕ್ಕನೆ ನಿಲ್ಲಿಸದೆ, ಉಸಿರು ಇಳಿಸುತ್ತ ಇಳಿಸುತ್ತ ನಿಲ್ದಾಣಕ್ಕೆ ತಂದಿದ್ದಾನೆ. ಇದನ್ನು ಬರೆದವನು ಪ್ಲಾಟ್‌ಫಾರಂ ಮೇಲೆ ನಿಂತು ಕೇಳಿಸಿಕೊಂಡಿರಬೇಕು. ಯಾವ ದೇಶದವನು ಎಂದೆ?"

ಡೆನ್ಮಾರ್ಕ್ ಎಂದು ನಾನು ಮತ್ತೊಮ್ಮೆ ಬರೆದೆ. ಸ್ವಲ್ಪ ಹೊತ್ತಿನ ನಂತರ ಅತ್ತೆ ನನಗೆ ಮಾತ್ರ ಪ್ರತ್ಯೇಕವಾಗಿ ಸಂದೇಶ ಕಳುಹಿಸಿದರು: "ಹತ್ತಲ್ಲ, ಮೂವತ್ತು ಜನರಿಗೆ ಕಳುಹಿಸಿಬಿಟ್ಟಿದ್ದೇನೆ. ಅವರ ಫೋನಿನಿಂದ ಅಳಿಸುವುದು ಹೇಗೆ, ಹೇಳಿಕೊಡುತ್ತೀಯಾ?"