ಮಡಿಕೇರಿ ಹತ್ತಿರ ಜಾಝ್ ಕ್ವಾರ್ಟೆಟ್: ಮೊದಲ ಸಲ ಹೋಗುತ್ತಿದ್ದೇನೆ, ಹೇಗೆ ಕೇಳಬೇಕು?

ನಾಪೋಕ್ಲು ಹುಡುಗಿ:
ಈ ಶನಿವಾರ ಮಡಿಕೇರಿ ಹತ್ತಿರ ಒಂದು ಎಸ್ಟೇಟ್ ಬಂಗಲೆಯಲ್ಲಿ ಜಾಝ್ ಇದೆ. ಸ್ಯಾಕ್ಸೋಫೋನ್, ಪಿಯಾನೋ, ಡಬಲ್ ಬೇಸ್, ಡ್ರಮ್ಸ್, ನಾಲ್ಕೇ ಜನ. ಚಿಕ್ಕ ಹಾಲು, ಮೈಕ್ ಕೂಡ ಜಾಸ್ತಿ ಇರಲ್ಲವಂತೆ. ಫ್ರೆಂಡ್ ಟಿಕೆಟ್ ತೆಗೆದುಬಿಟ್ಟಿದ್ದಾಳೆ, ನನಗೆ ಜಾಝ್ ಗಂಧಗಾಳಿ ಗೊತ್ತಿಲ್ಲ. ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್, ಅಷ್ಟೇ. ಯೂಟ್ಯೂಬ್‌ನಲ್ಲಿ ಕೇಳಿದರೆ ಶುರುವಿನ ಟ್ಯೂನ್ ಚೆನ್ನಾಗಿರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತಾರೋ ದೇವರಿಗೇ ಗೊತ್ತು. ಹಾಡಿನ ಮಧ್ಯೆ ಚಪ್ಪಾಳೆ ಬೇರೆ! ಎಲ್ಲಿ ಕೂತರೆ ಒಳ್ಳೆಯದು?

ಖಂಡಚಾಪು:
ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಸುತ್ತುತ್ತಿರುತ್ತಾರೆ. ಮೊದಲು ನುಡಿಸುವ ಟ್ಯೂನ್‌ಗೆ ಹೆಡ್ ಅನ್ನುತ್ತಾರೆ. ಹಳೆಯ ಹಾಡುಗಳಲ್ಲಿ ಸಾಮಾನ್ಯವಾಗಿ 32 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು), ಬ್ಲೂಸ್ ಅನ್ನುವ ಬಗೆಯದಾದರೆ 12. ಅದು ಮುಗಿದ ಮೇಲೆ ಟ್ಯೂನ್ ಬಿಡುತ್ತಾರೆ, ಆದರೆ ಅದರ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ, ಅದರ ಮೇಲೆ ಒಬ್ಬೊಬ್ಬರೂ ಸರದಿಯಲ್ಲಿ ತಮ್ಮ ಮನೋಧರ್ಮ ತೋರಿಸುತ್ತಾರೆ, ಅದೇ ಸೋಲೋ. ಕೊನೆಗೆ ಮತ್ತೆ ಹೆಡ್. ಸೋಲೋ ನಡೆಯುವಾಗಲೂ ಮನಸ್ಸಿನಲ್ಲೇ ಮೊದಲ ಟ್ಯೂನ್ ಗುನುಗುತ್ತಾ ಇರಿ, ದಾರಿ ತಪ್ಪುವುದಿಲ್ಲ.

ಚಪ್ಪಾಳೆ ಪ್ರತಿ ಸೋಲೋ ಮುಗಿದಾಗ. ಆದರೆ ಮುಂದಿನದು ಬೇಸ್ ಸೋಲೋ ಆಗಿದ್ದರೆ ಬೇಗ ನಿಲ್ಲಿಸಿ, ಇಲ್ಲದಿದ್ದರೆ ಪಾಪ ಅವನ ಶುರು ಯಾರಿಗೂ ಕೇಳಿಸುವುದಿಲ್ಲ. ಆಮೇಲೆ ಸ್ಯಾಕ್ಸ್ ನಾಲ್ಕು ಬಾರ್, ಡ್ರಮ್ಸ್ ನಾಲ್ಕು ಬಾರ್ ಅಂತ ಹಂಚಿಕೊಂಡು ನುಡಿಸುವುದೂ ಉಂಟು. ತನಿ ಆವರ್ತನದಲ್ಲಿ ಮೃದಂಗ, ಘಟ ಒಬ್ಬರಿಗೊಬ್ಬರು ಉತ್ತರ ಕೊಡುವುದನ್ನು ಕೇಳಿದ್ದರೆ ಇದು ತಕ್ಷಣ ಹಿಡಿಸುತ್ತದೆ.

ಟೇಕ್ ಫೈವ್ ಅನ್ನುವ ಟ್ಯೂನ್ ನುಡಿಸಿದರೆ ತೊಡೆ ಮೇಲೆ ತಾಳ ಹಾಕಿ ನೋಡಿ. ಡೇವ್ ಬ್ರೂಬೆಕ್ ಕ್ವಾರ್ಟೆಟ್ 1959ರಲ್ಲಿ ರೆಕಾರ್ಡ್ ಮಾಡಿದ್ದು, ಬರೆದದ್ದು ಅವರ ಸ್ಯಾಕ್ಸ್ ವಾದಕ ಪಾಲ್ ಡೆಸ್ಮಂಡ್. ಐದರ ಲೆಕ್ಕ. ನಮ್ಮ ಖಂಡ ಚಾಪು ತಾಳ 2+3, ಇದು 3+2. ಕದ್ರಿಯವರೇ ರುದ್ರೇಶ್ ಮಹಂತಪ್ಪ ಅನ್ನುವ ಜಾಝ್ ವಾದಕರ ಜೊತೆ 2008ರಲ್ಲಿ ಕಿನ್ಸ್‌ಮೆನ್ ಅಂತ ಆಲ್ಬಂ ಮಾಡಿದ್ದಾರೆ, ಶನಿವಾರದ ಒಳಗೆ ಅದನ್ನೊಮ್ಮೆ ಕೇಳಿ.

ಗೋಣಿಕೊಪ್ಪದವ:
ಇಷ್ಟು ಲೆಕ್ಕ ಹಾಕಿಕೊಂಡು ಕೇಳಬೇಕಾ? ನಮ್ಮ ವಾಲಗ ಶುರುವಾದರೆ ಕಾಲು ತಾನೇ ಕುಣಿಯುತ್ತದೆ. ಎಸ್ಟೇಟ್ ಬಂಗಲೆ ಕಾರ್ಯಕ್ರಮ ಎಲ್ಲಾ ಬೆಂಗಳೂರಿನವರಿಗೆ ಬಿಡಿ.

ಸೌಂಡ್ ಅಣ್ಣ:
ವಾಲಗಕ್ಕೂ ಜಾಝ್‌ಗೂ ಜಗಳ ಯಾಕೆ ಹಚ್ಚುತ್ತೀರಿ, ಎರಡೂ ಹತ್ತಿರ ಕೂತೇ ಕೇಳಬೇಕಾದದ್ದು.

ಬೇಸ್ ನಿಲ್ಲುವ ಕಡೆ ಎರಡನೇ ಸಾಲು ಹಿಡಿಯಿರಿ. ಫೋನಿನಲ್ಲಿ ಮೊದಲು ಮಾಯವಾಗುವುದೇ ಬೇಸ್, ಆದರೆ ಹಾಡನ್ನು ನಡೆಸುವುದು ಅದು ಮತ್ತು ಡ್ರಮ್ಸ್‌ನ ರೈಡ್ ಸಿಂಬಲ್ ಅನ್ನುವ ದೊಡ್ಡ ಲೋಹದ ತಟ್ಟೆ. ನಿಧಾನದ ಹಾಡು ಬಂದರೆ ಡ್ರಮ್ಮರ್ ಕೋಲು ಬಿಟ್ಟು ತಂತಿಯ ಬ್ರಶ್ ತೆಗೆದುಕೊಂಡು ಸ್ನೇರ್ ಡ್ರಮ್ ಮೇಲೆ ಸುತ್ತ ಸವರುತ್ತಾರೆ, ಆ ಸರಸರ ಸದ್ದು ಚಿಕ್ಕ ಹಾಲಿನಲ್ಲೇ ಕೇಳಬೇಕು. ಶೀಟಿನ ಮಾಡಾಗಿದ್ದು ಮಳೆ ಹೊಡೆದರೆ ಮಾತ್ರ ಅದನ್ನು ಮರೆತುಬಿಡಿ. ಇನ್ನೊಂದು, ಅವರ ಕೈ ನೋಡುತ್ತಿರಿ. ಯಾರಾದರೂ ತಲೆ ಮೇಲೆ ತಟ್ಟಿಕೊಂಡರೆ ಹೆಡ್‌ಗೆ ವಾಪಸ್ ಅಂತ ಅರ್ಥ. ತಲೆನೋವಲ್ಲ!

ನಾಪೋಕ್ಲು ಹುಡುಗಿ:
ಹಹಾ, ಥ್ಯಾಂಕ್ಸ್ ಅಣ್ಣ. ಹೆಂಚಿನ ಮಾಡಂತೆ, ಬಚಾವ್. ಮುಗಿಯುವ ಹೊತ್ತಿಗೆ ನಾಪೋಕ್ಲಿಗೆ ಬಸ್ಸಿರಲ್ಲ. ಆ ಕಡೆಯಿಂದ ಕಾರು, ಜೀಪಿನಲ್ಲಿ ಬರುವವರಿದ್ದರೆ ಇಲ್ಲೇ ಹೇಳಿ, ಇಬ್ಬರಿದ್ದೇವೆ.