ಸಿಂಥಸೈಜರ್‌ನ ‘ಕಟಾಫ್’ಗೆ ಕನ್ನಡ ಪದ ಬೇಕು, ನಾಳೆಯೇ

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಹಾರ್ಮೋನಿಯಂ ಕಲಿಯುವ ಎಂಟು ಮಕ್ಕಳು ಭಾನುವಾರ ನನ್ನ ಕಾರ್ಗ್ ಎಂಎಸ್-20 ನುಡಿಸೋಕೆ ಬರುತ್ತಾರೆ. 1978ರ ಜಪಾನಿ ಅನಲಾಗ್ ಸಿಂಥಸೈಜರ್ ಅದು, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್ ವಾದ್ಯ. ನಾನೂ ಇನ್ನೂ ಕಲಿಯುತ್ತಿದ್ದೇನೆ. ನಾಬ್‌ಗಳ ಕೆಳಗೆ ಕನ್ನಡ ಸ್ಟಿಕ್ಕರ್ ಅಂಟಿಸಬೇಕು, ನಾಳೆ ಹನ್ನೊಂದಕ್ಕೆ ಅಂಗಡಿಗೆ ಪದ ಕೊಡಬೇಕು. ವಾಲ್ಯೂಮ್, ಪಿಚ್ ಹಾಗೇ ಇರಲಿ. ತೊಡಕು ಫಿಲ್ಟರಿನ ‘ಕಟಾಫ್’ದು. ಫಿಲ್ಟರ್ ದನಿಯ ಒಂದು ಭಾಗ ತಡೆದು ಉಳಿದದ್ದನ್ನು ಬಿಡುತ್ತದೆ, ಎಲ್ಲಿಂದ ತಡೆಯಬೇಕು ಅನ್ನೋದು ಕಟಾಫ್. ಫಿಲ್ಟರ್ ಅಂದರೆ ಸಾಣಿಗೆ ಅಲ್ವಾ, ‘ಸಾಣಿಸು’ ಅಂತ ಹಾಕಲಾ?

ಉತ್ತರ 1:
ಬೇಡ. ಸಾಣಿಸುವುದು ಹಿಟ್ಟನ್ನು. ದನಿಯನ್ನು ಸೋಸಬೇಕು. ಫಿಲ್ಟರ್ = ಸೋಸುಕ, ಕಟಾಫ್ = ಸೋಸುಗಡಿ. ಕನ್ನಡದ ಬೇರಿನಿಂದ ಪದ ಕಟ್ಟಲು ಆಗುವಾಗ ಹೊರಗೆ ಕೈ ಚಾಚಬಾರದು. ವಾಲ್ಯೂಮ್ ಯಾಕೆ ಹಾಗೇ ಬಿಟ್ಟಿರಿ?

ಉತ್ತರ 2, ಬೀದರ್‌ನಿಂದ:
ಸೋಸುಗಡಿ ಅಂದರೆ ಚಹಾ ಅಂಗಡಿ ನೆನಪಾಗುತ್ತದೆ. ‘ಕಟಾಫ್’ ಅಂತಲೇ ಹಾಕಿ. ನಮ್ಮ ಕಡೆ ದುಕಾನ, ಚಾಬಿ, ತಬಲಾ ಎಲ್ಲ ಹೊರಗಿಂದಲೇ ಬಂದವು, ಅದರಿಂದ ಕನ್ನಡಕ್ಕೆ ಏನೂ ಕಮ್ಮಿ ಆಗಿಲ್ಲ. ಪ್ರತಿ ಸಲ ಇದೇ ಜಗಳ ಯಾಕೆ?

ಕೇಳಿದವರು:
ಇಬ್ಬರಿಗೂ ಹೇಳುತ್ತೇನೆ, ಪದ ಎಲ್ಲಿಂದ ಬಂತು ಅನ್ನೋದು ಆಮೇಲೆ. ಮಗು ನಾಬ್ ತಿರುಗಿಸಿದಾಗ ಕಿವಿಗೆ ಏನಾಗುತ್ತದೆ, ಅದು ಮೊದಲು. ರಾತ್ರಿ ಮತ್ತೆ ಕೂತು ನೋಡಿದೆ. ಎಂಎಸ್-20ಯಲ್ಲಿ ಎರಡು ಫಿಲ್ಟರ್ ಇವೆ, ಹೈಪಾಸ್ ಮತ್ತು ಲೋಪಾಸ್, ಎರಡರ ನಾಬಿಗೂ ‘ಕಟಾಫ್’ ಅಂತಲೇ ಹೆಸರು, ಆದರೆ ಬಲಕ್ಕೆ ತಿರುಗಿಸಿದರೆ ಒಂದು ಫಿಲ್ಟರ್ ದನಿಯನ್ನು ಕಿತ್ತುಕೊಳ್ಳುತ್ತದೆ, ಇನ್ನೊಂದು ಕೊಡುತ್ತದೆ! ಜೋಳದ ಹಿಟ್ಟು ಸಾಣಿಸಿದರೆ ನುಣ್ಣಗಿನದು ಕೆಳಗೆ ಬೀಳುತ್ತದೆ, ದಪ್ಪನೆಯದು ಮೇಲೆ ನಿಲ್ಲುತ್ತದೆ. ಹೈಪಾಸ್ ಮಾಡೋದು ಇದನ್ನೇ, ದಪ್ಪ ದನಿ ತಡೆದು ತೆಳುವಾದದ್ದನ್ನು ಬಿಡುತ್ತದೆ. ಲೋಪಾಸ್ ಪೂರ್ತಿ ಉಲ್ಟಾ. ಲೋಪಾಸಿಗೂ ಸಾಣಿಗೆ ಅಂದರೆ ಮಗುವಿಗೆ ತಪ್ಪು ಕಲಿಸಿದ ಹಾಗೆ. ಸೋಸುಗಡಿಯೂ ಎರಡನ್ನೂ ಒಂದೇ ಮಾಡುತ್ತದೆ, ಕಟಾಫೂ ಅಷ್ಟೇ.

ಲೋಪಾಸ್ ನಾಬ್ ಎಡಕ್ಕಿದ್ದರೆ ಯಾರೋ ಕೌದಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಮೆಲ್ಲಗೆ ಬಲಕ್ಕೆ ತಂದರೆ ದನಿ ಬಿಚ್ಚಿಕೊಳ್ಳುತ್ತದೆ. ಹಾಡು ಕಲಿಸುವವರು ‘ದನಿ ಬಿಚ್ಚಿ ಹಾಡು’ ಅಂತಾರಲ್ಲ, ಅದೇ. ಹಾಗಾಗಿ ಹೈಪಾಸಿಗೆ ‘ಸಾಣಿಸು’, ಲೋಪಾಸಿಗೆ ‘ದನಿ ಬಿಚ್ಚು’. ಇವೆರಡನ್ನೂ ಕೊಟ್ಟುಬಿಡುತ್ತೇನೆ.

ಉಳಿದದ್ದು ‘ಪೀಕ್’, ಕಟಾಫ್ ಹತ್ತಿರದ ದನಿಯನ್ನು ಎತ್ತಿ ಹಿಡಿಯುವ ನಾಬ್. ಪಠ್ಯಪುಸ್ತಕದ ‘ಅನುರಣನ’ ಬೇಡ, ಸ್ಟಿಕ್ಕರಿನ ಅಗಲ ಎರಡು ಬೆರಳು. ನಾಬ್ ಏರಿಸುತ್ತ ಹೋದರೆ ಫಿಲ್ಟರ್ ತಾನೇ ಸಿಳ್ಳೆ ಹಾಕಲು ಶುರು ಮಾಡುತ್ತದೆ. ‘ಸಿಳ್ಳೆ’ ಅಂತ ಹಾಕಿದರೆ ನಡೆಯುತ್ತಾ? ಹತ್ತೂವರೆ ಒಳಗೆ ಹೇಳಿ.